ಬುತ್ತಿಗೆ ಹೋದಾಂವ ಬೆಳಗಾಂವಿಗೆ ಹೋದ

ಸದಲಗಾ
ತಾ. 14-7-1992, ಮಂಗಳವಾರ

ಮೈ ಡಿಯರ್ ಬಾಹುಬಲಿ,

ಭೂಪಾಲನ ಜಯ ಜಿನೇಂದ್ರ. ಗೆಳೆಯಾ ಎಂದು ಕರೆಯಲೋ, ಹೆಂಡತಿಯ ಅಣ್ಣ ಎಂದು ಕರೆಯಲೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಎರಡರಲ್ಲಿ ಯಾವ ಸಂಬಂಧ ಇನ್ನೂ ಚಾಲೂ ಇದೆ ಎಂಬುದು ನನಗೆ ಗೊತ್ತಿಲ್ಲ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ಕಾಗದ ಬರೆಯುವುದು ತಡವಾದರೆ ಕ್ಷಮೆ ಕೇಳಬೇಕು ಎನ್ನುತ್ತಾರೆ. ಒಂದೂವರೆ ವರ್ಷ ತಡವಾಗಿದೆ. ಆದರೆ ನೀನೂ ಬರೆದಿಲ್ಲ, ಆದ್ದರಿಂದ ಅರ್ಧ ಕ್ಷಮೆ ನಾನು ಕೇಳಿದೆ, ಉಳಿದರ್ಧ ನಿನ್ನ ಕಡೆಯಿಂದ ಬರಬೇಕು.

ಇಲ್ಲಿ ಎಲ್ಲ ಕ್ಷೇಮ. ದೂಧಗಂಗೆ ತುಂಬಿ ಹೊಲದ ಬದುವಿನವರೆಗೆ ಬಂದು ಹೋದಳು. ಉತ್ತಮ ಈ ವರ್ಷ ತಗ್ಗಿನ ಹೊಲಕ್ಕೂ ಕಬ್ಬು ಹಚ್ಚಿದ್ದಾನೆ. ಹಚ್ಚಬೇಡ ಎಂದೆ, ಕೇಳಲಿಲ್ಲ. ಮಗನಾದರೂ ವಯಸ್ಸಿಗೆ ಬಂದ ಮೇಲೆ ಅಡ್ವೈಸ್ ಈಸ್ ಲೈಕ್... ಲೈಕ್ ಏನೋ ಒಂದು ಇತ್ತು, ವಿರುಪಾಕ್ಷಪ್ಪ ಮಾಸ್ತರರು ಹೇಳುತ್ತಿದ್ದರು, ಈಗ ನೆನಪಾಗುತ್ತಿಲ್ಲ. ಅಥಣಿಯಲ್ಲಿ ಮಗಳು ಸುಗಂಧಾಳ ಕೂಸು ಗೋಡೆ ಹಿಡಿದು ನಡೆಯುತ್ತದಂತೆ. ನನ್ನ ಮೊಣಕಾಲು ಮಾತ್ರ ಗೋಡೆ ಹಿಡಿದರೂ ನಡೆಯುವುದಿಲ್ಲ. ನಿನ್ನ ದ್ರಾಕ್ಷಿ ತೋಟ ಹೇಗಿದೆ? ಈ ಸಲ ಕಾಗವಾಡದಲ್ಲಿ ಮುನಿಗಳ ಚಾತುರ್ಮಾಸ ಇದೆ ಎಂದು ಕೇಳಿದೆ. ಹಾಗಾದರೆ ನಿನ್ನ ನೇಮಗಳು ಇನ್ನಷ್ಟು ಬಿಗಿಯಾಗಿರಬೇಕು. ಮೊದಲೇ ನೀನು ಹಗ್ಗಕ್ಕಿಂತ ಬಿಗಿ.

ಈಗ ಮುಖ್ಯ ವಿಷಯ. ನಮ್ಮ ಚಿಕ್ಕೋಡಿಯ ಇಂಗ್ಲಿಷ್ ಶಾಲೆಯವರು ಆಗಸ್ಟ್ ಒಂಬತ್ತನೆಯ ತಾರೀಖು, ಆದಿತ್ಯವಾರ, ಒಂದು ದೊಡ್ಡ ಸಮಾರಂಭ ಇಟ್ಟುಕೊಂಡಿದ್ದಾರೆ. ಚಲೇಜಾವ್ ಚಳವಳಿಗೆ ಐವತ್ತು ವರ್ಷವಾಯಿತಲ್ಲ, ಅದಕ್ಕೆ. ಸಮಿತಿಯ ಅಧ್ಯಕ್ಷ ರಾವಸಾಹೇಬ. ನಿನಗೆ ಗೊತ್ತು, ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದು ಕೂತು ಎಲ್ಲ ಗೊಂದಲಕ್ಕೆ ಕಾರಣನಾದ ಅದೇ ರಾವಸಾಹೇಬ. ಈಗ ಇನ್ನೂ ದಪ್ಪಗಾಗಿದ್ದಾನೆ. ಹೋದ ವಾರ ಜೀಪಿನಲ್ಲಿ ಬಂದು ಆಮಂತ್ರಣ ಪತ್ರಿಕೆ ನನ್ನ ಕೈಗೆ ಕೊಟ್ಟ. ತೆಗೆದು ನೋಡಿದರೆ ನಡುವೆ ನಿನ್ನ ಹೆಸರು. ‘ಈ ಶಾಲೆಯ ವಿದ್ಯಾರ್ಥಿ, ಸ್ವಾತಂತ್ರ್ಯ ಯೋಧ, ತಂತಿ ಕತ್ತರಿಸಿ ಸೆರೆಮನೆ ಸೇರಿದ ವೀರ ಶ್ರೀ ಬಾಹುಬಲಿಯವರಿಗೆ ಶಾಲು ಹೊದಿಸಿ ಸತ್ಕಾರ’.

ಓದಿ ನನಗೆ ಮೈಯೆಲ್ಲ ಉರಿಯಿತು. ‘ರಾವಸಾಹೇಬ, ಅಂವಾ ತಂತಿ ಕಡದಿಲ್ಲಪಾ’ ಎಂದೆ.

‘ಕಾಕಾ, ಮತ್ತ ಶುರು ಮಾಡಬ್ಯಾಡ್ರಿ’ ಎಂದ. ‘ಜೈಲಿಗೆ ಹೋಗ್ಯಾರೋ ಇಲ್ಲೋ?’

‘ಹೋಗ್ಯಾನ.’

‘ನಲವತ್ತೆರಡನೇ ಇಸವಿದಾಗ?’

‘ಹೌದು. ಆದ್ರ ಬುತ್ತಿ ತರಾಕ ಓಡಿ ಹೋಗಿದ್ದ.’

‘ಅದನ್ನ ಬಿಡ್ರಿ ಕಾಕಾ. ಮಂತ್ರಿಗೋಳ ಬರಾವ್ರದಾರ. ಅವರ ಮುಂದ ರೊಟ್ಟಿ ಕಥಿ ಹೇಳೂನೇನ್ರಿ? ಸುತ್ತ ಎಲ್ಲಾ ಸಾಲಿಗೆ ಒಬ್ಬೊಬ್ಬ ಯೋಧ ಅದಾರ. ನಮ್ಮ ಸಾಲಿಗೆ ಒಬ್ರರೆ ಬ್ಯಾಡೇನು?’

ನೋಡು, ಬಾಹುಬಲಿ, ಇದು ಅವರ ಅಡಚಣೆ. ಅವರಿಗೆ ಒಬ್ಬ ಮನುಷ್ಯ ಬೇಕಾಗಿದ್ದಾನೆ. ನಾನು ಐವತ್ತು ವರ್ಷದಿಂದ ಆ ಶಾಲೆಯ ಬಗ್ಗೆ ಮಾತಾಡಬೇಕೆಂದು ಕಾಯುತ್ತ ಕೂತವನು, ನನಗೆ ಹತ್ತು ನಿಮಿಷ ಭಾಷಣಕ್ಕೆ ಕೊಟ್ಟಿದ್ದಾರೆ. ಅದರಲ್ಲೂ ಇಂಗ್ಲಿಷಿನಲ್ಲಿ ಎರಡು ಮಾತು ಆಡಬೇಕಂತೆ, ‘ಹಳೇ ಮಂದಿ ಇಂಗ್ಲಿಷ್ ಅಂದ್ರ ಇಂಗ್ಲಿಷ್’ ಎಂದು. ಕೊಲ್ಲಾಪುರದ ಕಾಲೇಜು ಅರ್ಧಕ್ಕೆ ಬಿಟ್ಟು ಬಂದು ಕಬ್ಬಿನ ಗದ್ದೆಯಲ್ಲಿ ನಿಂತವನಿಗೆ ಯಾವ ಇಂಗ್ಲಿಷ್ ಉಳಿದಿರುತ್ತದೆ? ಲೇಡೀಸ್ ಆ್ಯಂಡ್ ಜಂಟಲ್‌ಮನ್, ಅನ್‌ಅಕಸ್ಟಮ್ಡ್ ಆ್ಯಸ್ ಐ ಆ್ಯಮ್ ಎಂಬಲ್ಲಿಗೆ ಗಾಡಿ ನಿಲ್ಲುತ್ತದೆ.

ಗಾಡಿ ಎಂದ ಕೂಡಲೇ ನಮ್ಮ ಇದ್ದಿಲ ಮೋಟಾರು ನೆನಪಾಯಿತು. ಹತ್ತು ನಿಮಿಷದ ಭಾಷಣದಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತೇನೆ. ನೀನಾದರೂ ಓದು. ಇದನ್ನೆಲ್ಲ ತಿಳಿದವರು ಇನ್ನು ನಾವಿಬ್ಬರೇ ಉಳಿದಿದ್ದೇವೆ.

ಚಿಕ್ಕೋಡಿಯಲ್ಲಿ ಗೌರಾಬಾಯಿಯ ವಾಡೆಯಲ್ಲಿ ನಮ್ಮಿಬ್ಬರ ಬಾಡಿಗೆ ಖೋಲಿ. ಮನೆಯಲ್ಲಿ ಕನ್ನಡ, ವರ್ಗದಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್, ಹೊಟ್ಟೆಯಲ್ಲಿ ಏನೂ ಇಲ್ಲ. ಲಡಾಯಿ ಎಲ್ಲಿಯೋ ಬರ್ಮಾದಲ್ಲಿ ನಡೆದಿದ್ದರೂ ಅದರ ಬಿಸಿ ನಮ್ಮ ಖೋಲಿಯ ಒಳಗೆ ಬಂದಿತ್ತು. ಚಿಮಣಿ ಎಣ್ಣೆ ಸಿಗದೆ ಓದು ಹಗಲಿನಲ್ಲೇ ಮುಗಿಸಬೇಕು. ಕಾಗದ ಸಿಗದೆ ನೋಟುಬುಕ್ಕಿನ ಬರೆದ ಪುಟವನ್ನೇ ಅಡ್ಡ ಹಿಡಿದು ಮತ್ತೊಮ್ಮೆ ಬರೆಯಬೇಕು. ನನ್ನ ಬೀಜಗಣಿತದ ಮೇಲೆ ನನ್ನ ಇಂಗ್ಲಿಷ್ ಪ್ರಬಂಧ ಕೂತು, ಎರಡೂ ಫೇಲಾದವು. ಹೆಡ್‌ಮಾಸ್ತರರ ಕೋಣೆಯಲ್ಲಿ ಲಡಾಯಿಯ ನಕಾಶೆಗೆ ಚುಚ್ಚಿದ ಟಾಚಣಿ ದಿನಾ ಬೆಳಿಗ್ಗೆ ಅತ್ತ ಇತ್ತ ಸರಿಯುತ್ತಿತ್ತು. ಯಾರು ಗೆದ್ದರೆ ನಮಗೆ ಪುಸ್ತಕ ಸಿಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ನಮ್ಮ ಬುತ್ತಿ ದಿನಾ ಸದಲಗಾದಿಂದ ಸರ್ವಿಸ್ ಮೋಟಾರಿನಲ್ಲಿ ಬರಬೇಕು. ನಿಮ್ಮವ್ವ ರೊಟ್ಟಿ ಬಡಿದು, ಉಳ್ಳಾಗಡ್ಡಿ ಇಲ್ಲದ ಝುಣಕ, ಸಾರು ಮಾಡಿ, ಎರಡು ಹಿತ್ತಾಳೆ ಡಬ್ಬಿಗಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟರೆ, ನಿನ್ನ ತಂಗಿ ತಾರಾ ಅವನ್ನು ಓಡುತ್ತ ತಂದು ಕಂಡಕ್ಟರ್ ಭಾವುಸಾಹೇಬನ ಕೈಗೆ ಇಡುತ್ತಿದ್ದಳು. ಆಗ ಅವಳಿನ್ನೂ ಪರಕಾರ ತೊಡುವ ಹುಡುಗಿ. ‘ಮಾಮಾ, ಸಾರು ಚೆಲ್ಲಬಾರದ್ರಿ, ನಮ್ಮ ಅಣ್ಣಗ ಸಿಟ್ಟ ಬರತೈತಿ’ ಎಂದು ಹೇಳದೆ ಬಿಡುತ್ತಿರಲಿಲ್ಲವಂತೆ. ಲಡಾಯಿಯಿಂದ ಪೆಟ್ರೋಲು ನಿಂತ ಮೇಲೆ ಆ ಮೋಟಾರಿನ ಹಿಂದೆ ಇದ್ದಿಲ ಒಲೆ ಕಟ್ಟಿದರು. ಅದು ಬಯಲಿನಲ್ಲಿ ಓಡುತ್ತಿತ್ತು, ಚಿಕ್ಕೋಡಿಯ ಏರು ಬಂತೆಂದರೆ ಮುದುಕನ ಹಾಗೆ ಕೆಮ್ಮಿ ನಿಂತುಬಿಡುತ್ತಿತ್ತು. ಮಂದಿ ಇಳಿದು ದಬ್ಬಬೇಕು. ಮಧ್ಯಾಹ್ನಕ್ಕೆ ಬರಬೇಕಾದ ಬುತ್ತಿ ಸಂಜೆಗೆ ಬರುವುದು.

ಬೇರೆಯವರಾಗಿದ್ದರೆ ಸಂಜೆಯಲ್ಲದಿದ್ದರೆ ರಾತ್ರಿ ತಿನ್ನುತ್ತಿದ್ದರು. ಜೈನರಾದ ನಮಗೆ ಹೊತ್ತು ಮುಳುಗಿತೆಂದರೆ ಊಟ ಮುಗಿಯಿತು. ಡಬ್ಬಿ ಎದುರಿಗೇ ಇರುತ್ತಿತ್ತು, ಝುಣಕದ ವಾಸನೆ ಬರುತ್ತಿತ್ತು, ನಾವಿಬ್ಬರೂ ನೀರು ಸಹ ಕುಡಿಯದೆ ಮಲಗುತ್ತಿದ್ದೆವು. ಗೌರಾಬಾಯಿ ಬಾಗಿಲಲ್ಲಿ ನಿಂತು, ‘ತಿನ್ರೆಲೇ, ಕತ್ತಲ್ಯಾಗ ನಿಮ್ಮ ದೇವರಿಗೂ ಕಾಣೂದಿಲ್ಲ’ ಎನ್ನುವಳು. ನೀನು ಗೋಡೆಯ ಕಡೆ ಹೊರಳಿ, ‘ಕಾಕೂ, ದೇವರು ನೋಡ್ತಾನಂತ ಅಲ್ಲ, ಹುಳಾ ಸಾಯ್ತಾವಂತ’ ಎನ್ನುತ್ತಿದ್ದೆ. ‘ಹುಳಾ ಬದುಕಿಸಿ ನೀವು ಸಾಯ್ರಿ’ ಎಂದು ಅವಳು ಬೈಯುತ್ತ ಹೋಗುವಳು. ಹದಿನೈದರ ಹುಡುಗನ ಬಾಯಲ್ಲಿ ಆ ಮಾತು ಕೇಳಿ ನನಗೆ ನಿನ್ನ ಮೇಲೆ ಸಿಟ್ಟೇ ಬರುತ್ತಿತ್ತು. ನಾನೊಬ್ಬನೇ ಇದ್ದಿದ್ದರೆ ಎಂದೋ ತಿಂದುಬಿಡುತ್ತಿದ್ದೆ.

ಆದ್ದರಿಂದಲೇ ನಾವು ಪಾಳಿ ಹಚ್ಚಿಕೊಂಡೆವು. ಮೋಟಾರು ತಡವಾದ ದಿನ ಒಬ್ಬ ಏರಿನ ಕೆಳಗೆ ಓಡಿಹೋಗಿ, ನಿಂತ ಗಾಡಿಯಿಂದ ಬುತ್ತಿ ತೆಗೆದುಕೊಂಡು, ಹೊತ್ತು ಇರುವಾಗಲೇ ಮೇಲೆ ಬರಬೇಕು. ಆ ದಿನದ ಪಾಳಿ ನಿನ್ನದು. ದೀಪಾವಳಿ ಮುಗಿದು ಶಾಲೆ ಮತ್ತೆ ಶುರುವಾಗಿತ್ತು. ಹಿಂದಿನ ದಿನದ ಖಾಲಿ ಡಬ್ಬಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ‘ಭೂಪ್ಯಾ, ಹೊತ್ತ ಇನ್ನೂ ಭಾಳ ಐತಿ, ತಾಟ ತೊಳದ ಇಡು’ ಎಂದು ಟೊಪ್ಪಿಗೆ ತಿರುವಿ ಹಾಕಿಕೊಂಡು ಓಡಿದೆ. ನಾನು ತಾಟು ತೊಳೆದು ಇಟ್ಟೆ.

ಅದೇ ಮಧ್ಯಾಹ್ನ ಏರಿನ ಕೆಳಗೆ ಯಾರೋ ಟಪಾಲಿನ ತಂತಿ ಕಡಿದಿದ್ದರು. ಪೊಲೀಸರು ಪೊದೆ ಪೊದೆ ಬಡಿಯುತ್ತಿದ್ದರು. ಅಂಥದರಲ್ಲಿ ತಲೆಗೆ ಟೊಪ್ಪಿಗೆ ಹಾಕಿಕೊಂಡ ಹುಡುಗ ಕೈಯಲ್ಲಿ ಗಂಟು ಹಿಡಿದು ಊರು ಬಿಟ್ಟು ಓಡಿಬಂದರೆ ಅವರು ಏನು ತಿಳಿಯಬೇಕು? ಯಾಕೆ ಓಡುತ್ತೀ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು, ‘ಹೊತ್ತ ಮುಳಗತೈತ್ರಿ, ಬಿಡ್ರಿ’ ಎಂದು. ಕಂಡಕ್ಟರ್ ಭಾವುಸಾಹೇಬ ದೂರದಿಂದ ನೋಡಿದನಂತೆ. ‘ಸಾಹೇಬರ, ಅದು ನಮ್ಮ ಬುತ್ತಿ ಹುಡುಗರಿ’ ಎಂದು ಕೂಗಿದ್ದಕ್ಕೆ ಅವನಿಗೂ ಎರಡು ಬಿದ್ದವು. ಕತ್ತಲಾದ ಮೇಲೆ ಅವನು ಎರಡೂ ಬುತ್ತಿ ತಂದು ನನ್ನ ಎದುರಿಗೆ ಇಟ್ಟು ಅತ್ತ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಕೋರ್ಟಿನಲ್ಲಿ ನಡೆದದ್ದು ಯಾರಿಗೂ ನೆನಪಿಲ್ಲ. ನಾನು ಹೇಳಲು ಹೋದರೆ ಉತ್ತಮ ಕೂಡ ‘ಅಪ್ಪಾ, ಆ ಗಡಿಯಾರದ ಹಕೀಕತ್ತ ಸಾಕ’ ಎಂದು ಎದ್ದು ಹೋಗುತ್ತಾನೆ. ಆದರೆ ಆ ಗಡಿಯಾರವೇ ಅಲ್ಲವೇನು ನಿನ್ನನ್ನು ಜೈಲಿಗೆ ಹಾಕಿದ್ದು? ಲಡಾಯಿಗೆಂದು ಸರಕಾರ ಆ ವರ್ಷ ದೇಶದ ಗಡಿಯಾರವನ್ನೆಲ್ಲ ಒಂದು ತಾಸು ಮುಂದೆ ಹಾಕಿತ್ತು. ಸೂರ್ಯ ಮಾತ್ರ ಸರಕಾರದ ನೌಕರನಲ್ಲ, ಅವನು ಹಳೆಯ ಟೈಮಿಗೇ ಮುಳುಗುತ್ತಿದ್ದ. ಪೊಲೀಸರು ಕಾಗದದಲ್ಲಿ ಬರೆದದ್ದು ಹೊಸ ಟೈಮು: ಸಂಜೆ ಆರೂವರೆಗೆ ಹುಡುಗ ಓಡುತ್ತಿದ್ದ ಎಂದು. ಸೂರ್ಯನ ಟೈಮಿಗೆ ಅದು ಐದೂವರೆ. ಸರಕಾರಿ ವಕೀಲ ಪಂಚಾಂಗ ತೆಗೆದು ಓದಿದ. ಅದರಲ್ಲಿ ಇದ್ದದ್ದು ಹಳೆಯ ಟೈಮು: ಸೂರ್ಯಾಸ್ತ ಆರರ ಒಳಗೆ ಎಂದು. ‘ನೋಡ್ರಿ ಸಾಹೇಬರ, ಹೊತ್ತು ಮುಳಗಿ ಅರ್ಧ ತಾಸ ಆಗಿತ್ತು. ಹೊತ್ತು ಮುಳಗೂದರಾಗ ಉಣ್ಣಾಕ ಓಡಿದ್ನಿ ಅಂತಾನ. ಜೈನರ ಹುಡುಗ, ಧರ್ಮದ ಹೆಸರ ಹೇಳಿ ಸುಳ್ಳ ಆಡತಾನ’ ಎಂದ.

ಆ ಕ್ಷಣ ನಿನ್ನ ಮುಖ ನೋಡಿದ್ದು ನಾನು. ಜೈಲಿಗೆ ನೀನು ಹೆದರಿರಲಿಲ್ಲ. ಸುಳ್ಳ ಎಂದಾಗ ಮಾತ್ರ ನಿನ್ನ ತುಟಿ ಅದುರಿತು.

ವಿರುಪಾಕ್ಷಪ್ಪ ಮಾಸ್ತರರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು, ವರ್ಗದಲ್ಲಿ ನಮಗೆ ವಾಕ್ಯ ಬಿಡಿಸಿ ಕಲಿಸುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತು, ‘ಯುವರ್ ಆನರ್, ದಿ ಸನ್ ಹ್ಯಾಸ್ ನಾಟ್ ರಿಸೀವ್ಡ್ ದಿ ಗವರ್ನ್‌ಮೆಂಟ್ ಸರ್ಕ್ಯುಲರ್’ ಎಂದರು. ನನ್ನ ಜನ್ಮದಲ್ಲಿ ಪೂರ್ತಿ ನೆನಪುಳಿದ ಇಂಗ್ಲಿಷ್ ವಾಕ್ಯ ಅದೊಂದೇ. ಸೂರ್ಯನಿಗೆ ಇನ್ನೂ ಸರಕಾರದ ಸುತ್ತೋಲೆ ಮುಟ್ಟಿಲ್ಲ ಎಂದು. ಕೂತವರೆಲ್ಲ ನಕ್ಕರು. ನಕ್ಕದ್ದೇ ಕೆಟ್ಟಿತು. ಸಾಹೇಬನಿಗೆ ಸಿಟ್ಟು ಬಂದು ಮಾಸ್ತರರನ್ನು ಕೂಡ್ರಿಸಿದ, ನಿನಗೆ ಆರು ತಿಂಗಳು ಕೊಟ್ಟ. ಮಾಸ್ತರರು ಅಷ್ಟು ಚಂದದ ಇಂಗ್ಲಿಷ್ ಆಡದೆ ಕನ್ನಡದಲ್ಲೋ ಮರಾಠಿಯಲ್ಲೋ ಸರಳವಾಗಿ ಹೇಳಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಈಗಲೂ ಹಳಹಳಿ. ಅವರಿಗೂ ಇತ್ತು. ಆಮೇಲೆ ಅವರು ವರ್ಗದಲ್ಲಿ ಜೋಕು ಮಾಡಿದ್ದನ್ನು ನಾನು ಕಾಣಲಿಲ್ಲ.

ಬೆಳಗಾವಿಯ ಜೈಲಿನಲ್ಲಿ ಸಂಜೆಯ ಭಾಕ್ರಿ ಕತ್ತಲಾದ ಮೇಲೆ ಬರುತ್ತಿತ್ತು, ನೀನು ಮುಟ್ಟುತ್ತಿರಲಿಲ್ಲ. ಅಲ್ಲಿದ್ದ ದೊಡ್ಡವರು ಈ ಹುಡುಗ ಉಪವಾಸ ಸತ್ಯಾಗ್ರಹ ಹೂಡಿದ್ದಾನೆ ಎಂದು ತಿಳಿದು ನಿನಗೆ ಜೈಕಾರ ಹಾಕಿದರಂತೆ. ‘ನಾ ಸತ್ಯಾಗ್ರಹಿ ಅಲ್ರಿ, ಮುಂಜಾನಿ ಕೊಟ್ರ ಉಣತೀನ್ರಿ’ ಎಂದು ನೀನು ಹೇಳಿದಷ್ಟೂ ಅವರಿಗೆ ನಿನ್ನ ಮೇಲೆ ಭಕ್ತಿ ಹೆಚ್ಚಾಯಿತು. ಜೈಲಿನ ಒಳಗೆ ಹೀಗೆ, ಹೊರಗೆ ನಮ್ಮ ಸದಲಗಾದಲ್ಲಿ ಬೇರೆಯೇ. ಬೇವಿನ ಕಟ್ಟೆಯ ಮೇಲೆ ಕೂತವರು ಗಾದೆಯನ್ನೇ ಕಟ್ಟಿದರು: ‘ಬುತ್ತಿಗೆ ಹೋದಾಂವ ಬೆಳಗಾಂವಿಗೆ ಹೋದ’. ಯಾರಾದರೂ ಎಮ್ಮೆ ಹುಡುಕಲು ಹೋಗಿ ತಡವಾಗಿ ಬಂದರೂ ಅದೇ ಗಾದೆ. ತಾರಾ ನೀರಿಗೆ ಹೋದರೆ, ‘ಏನವಾ, ಬುತ್ತಿ ಬಾಹುಬಲಿ ತಂಗಿ, ಅಣ್ಣಗ ಇವತ್ತ ಏನ ಕಟ್ಟೀದಿ?’ ಎನ್ನುವವರು. ಅವಳು ಖಾಲಿ ಕೊಡ ಹೊತ್ತು ತಿರುಗಿ ಬರುತ್ತಿದ್ದಳಂತೆ. ಮದುವೆಯಾದ ಮೇಲೆ ಇದನ್ನೆಲ್ಲ ನನಗೆ ಹೇಳಿದವಳು ಅವಳೇ.

ನೀನು ಬಿಡುಗಡೆಯಾಗಿ ಬಂದಾಗ ಶಾಲೆಯವರು ಹೆಸರು ಹೊಡೆದುಹಾಕಿದ್ದರು. ಜೈಲು ಕಂಡ ಹುಡುಗ ಬೇಡ ಎಂದರು. ಬೇರೆ ಶಾಲೆಗಳೂ ಬಾಗಿಲು ತೆಗೆಯಲಿಲ್ಲ. ವರ್ಗಕ್ಕೆ ಮೊದಲನೆಯವನಾದ ನೀನು ಕಾಗವಾಡದ ಸೋದರಮಾವನ ಬೆಲ್ಲದ ಅಂಗಡಿಯಲ್ಲಿ ಕೂತೆ. ಕೊನೆಯ ಬೆಂಚಿನ ನಾನು ಮ್ಯಾಟ್ರಿಕ್ ಪಾಸಾದೆ. ಲಡಾಯಿ ಮುಗಿದ ವರ್ಷ ಶಾಲೆಯಲ್ಲಿ ಪೇಢೆ ಹಂಚಿದರು, ಗಡಿಯಾರವನ್ನು ಮತ್ತೆ ಒಂದು ತಾಸು ಹಿಂದೆ ಹಾಕಿದರು. ಹೆಡ್‌ಮಾಸ್ತರರು ಸ್ಟೂಲಿನ ಮೇಲೆ ಹತ್ತಿ ಮುಳ್ಳು ತಿರುಗಿಸಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ದೇಶದಿಂದ ತೆಗೆದುಕೊಂಡ ತಾಸನ್ನು ಸರಕಾರ ತಿರುಗಿ ಕೊಟ್ಟಿತು, ನಿನ್ನ ಮ್ಯಾಟ್ರಿಕ್ಕನ್ನು ಯಾರೂ ತಿರುಗಿ ಕೊಡಲಿಲ್ಲ. ಜಸ್ಟಿಸ್ ಡಿಲೇಡ್ ಎಂದು ಏನೋ ಇದೆಯಲ್ಲ, ಅದರ ಮುಂದಿನದು ಮರೆತಿದೆ. ನಿನಗೆ ನೆನಪಿರಬಹುದು, ನೀನು ನನಗಿಂತ ಜಾಣ.

(ಉತ್ತಮನ ಹೆಂಡತಿ ಚಹಾ ತಂದಳು. ‘ಮಾವಾರ, ಇಷ್ಟುದ್ದ ಯಾರಿಗೆ ಬರೀತೀರಿ?’ ಎಂದಳು. ನಿಮ್ಮ ಅತ್ತೆಯ ಅಣ್ಣನಿಗೆ ಎಂದೆ. ಕಪ್ಪು ಇಟ್ಟು ಒಳಗೆ ಹೋದಳು.)

ಈಗ ಮೂರು ವರ್ಷದ ಹಿಂದಿನ ಮಾತಿಗೆ ಬರಲೇಬೇಕು. ಬೇಡವೆಂದರೂ ಪೆನ್ನು ಅಲ್ಲಿಗೇ ಹೋಗುತ್ತಿದೆ. ರಾವಸಾಹೇಬ ಹಳೆಯ ವಿದ್ಯಾರ್ಥಿಗಳ ನೆನಪು ಕೂಡಿಸಲು ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದ. ಪೇಪರಿನವನೊಬ್ಬ ಜೊತೆಗಿದ್ದ. ‘ನಿಮ್ಮ ಮನಿಯಾವರೊಬ್ರು ಜೈಲಿಗೆ ಹೋಗಿದ್ರಂತಲ್ರಿ?’ ಎಂದು ಕೇಳಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ಚಹಾದ ತಾಟು ಹಿಡಿದು ನಿಂತ ತಾರಾ, ‘ನಮ್ಮ ಅಣ್ಣರಿ. ತಂತಿ ಕಡದಿದ್ರು’ ಎಂದುಬಿಟ್ಟಳು. ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಪೇಪರಿನವನು ಬರೆದುಕೊಂಡ.

ನೀನು ಆ ಪೇಪರು ಹಿಡಿದುಕೊಂಡು ಬಂದೆ. ಹೊಸ್ತಿಲ ಹೊರಗೇ ನಿಂತೆ. ತಾರಾ ತಂಬಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ.

‘ತಾರಾ, ನಾ ಕಡದ ತಂತಿ ಯಾವದು, ತೋರಸ’ ಎಂದೆ.

‘ಒಳಗ ಬಾ ಅಣ್ಣಾ.’

‘ಆರು ತಿಂಗಳ ಜೈಲಿನ್ಯಾಗ ಇದ್ದಾಗ ಯಾರೂ ನನ್ನ ಕೈಲಿ ಸುಳ್ಳ ಹೇಳಸಾಕ ಆಗಲಿಲ್ಲ. ನೀ ಒಂದ ಕಪ್ಪ ಚಹಾದಾಗ ಹೇಳಿಸಿದಿ.’

‘ಬುತ್ತಿಗೆ ಓಡಿದ್ದಿ ಅಂದ್ರ ಮಂದಿ ನಗತಾರೋ ಅಣ್ಣಾ’ ಎಂದಳು ಅವಳು. ‘ನಕ್ಕೋತನ ಬಂದಾರ. ನೀ ಕಾಗವಾಡಕ್ಕ ಹೋಗಿ ಕುಂತಿ, ನಿನಗ ಕೇಳಸಲಿಲ್ಲ. ಈ ಊರಾಗ ಬಾಳೇವ ಮಾಡಿದಾಕಿ ನಾ. ನನಗ ಸಾಕಾಗೈತಿ.’

‘ನಗಲಿ. ನಕ್ಕರ ಹಲ್ಲ ಕಾಣತಾವ. ಸುಳ್ಳಂದ್ರ ನಾ ಕಾಣೂದಿಲ್ಲ’ ಎಂದು ನೀನು ಹೊರಟುಹೋದೆ. ನಾನು ಊರ ಅಗಸಿಯವರೆಗೆ ಹಿಂದೆ ಬಂದೆ. ನೀನು ತಿರುಗಿ ನೋಡಲಿಲ್ಲ.

ನಾನು ನಿನ್ನ ಕಡೆಯೂ ಅಲ್ಲ, ಅವಳ ಕಡೆಯೂ ಅಲ್ಲ. ನಡುವೆ ಸಿಕ್ಕು ನುರಿದವನು. ನೀನು ಹೇಳಿದ್ದು ಖರೆ. ಆದರೆ ಅವಳು ಅನುಭವಿಸಿದ್ದೂ ಖರೆ. ಕೋರ್ಟಿನಲ್ಲಿ ಖರೆ ಹೇಳಿದಾಗ ಸುಳ್ಳಾಯಿತು. ಅವಳು ಸುಳ್ಳು ಹೇಳಿದ ಮರುದಿನದಿಂದ ಊರಿನಲ್ಲಿ ಯಾರೂ ಆ ಗಾದೆ ಆಡಲಿಲ್ಲ. ಹೆಂಗಸರು ಅವಳಿಗೆ ಬಾವಿಯ ಕಟ್ಟೆಯಲ್ಲಿ ಜಾಗ ಬಿಟ್ಟುಕೊಟ್ಟರು. ಅದರ ಸುಖ ಅವಳಿಗೆ ಒಂದೂವರೆ ವರ್ಷ ಕೂಡ ದಕ್ಕಲಿಲ್ಲ. ಮುಂದಿನದು ನಿನಗೆ ಗೊತ್ತು, ಬರೆಯುವುದಿಲ್ಲ.

ನನ್ನ ಹಂಬಲ್ ರಿಕ್ವೆಸ್ಟ್ ಇಷ್ಟೇ. ಆಗಸ್ಟ್ ಒಂಬತ್ತಕ್ಕೆ ಬಾ. ರಾವಸಾಹೇಬ ನಿನ್ನ ಕಡೆ ಎರಡು ಸಲ ಬಂದನಂತೆ, ನೀನು ತೋಟದಿಂದಲೇ ಕೈಬೀಸಿ ಕಳಿಸಿದೆಯಂತೆ. ‘ಕಾಕಾ, ಅವರ ತಲಿ ಕಲ್ಲ ಐತ್ರಿ, ನೀವರೆ ಹೇಳ್ರಿ’ ಎಂದು ನನ್ನ ಹತ್ತಿರ ಅಳುತ್ತಾನೆ. ನಾನು ಅವನಿಗೋಸ್ಕರ ಕರೆಯುತ್ತಿಲ್ಲ. ಬಂದು ಶಾಲು ಹೊದ್ದುಕೋ ಎಂದೂ ಹೇಳುವುದಿಲ್ಲ. ವೇದಿಕೆಯ ಮೇಲೆ ನಿಂತು, ಮಂತ್ರಿಯ ಎದುರಿಗೆ, ಮೈಕು ಹಿಡಿದು, ‘ನಾ ಬುತ್ತಿಗೆ ಓಡಿದ್ನಿ’ ಎಂದು ಹೇಳು. ಕೋರ್ಟಿನಲ್ಲಿ ಯಾರೂ ನಂಬದ ಮಾತನ್ನು ಶಾಲೆ ಎದ್ದು ನಿಂತು ಕೇಳಲಿ. ನಗುವವರು ನಗಲಿ. ನನ್ನ ಹತ್ತು ನಿಮಿಷವನ್ನೂ ನಿನಗೇ ಕೊಡುತ್ತೇನೆ, ನನ್ನ ಇಂಗ್ಲಿಷಿನಿಂದ ಮಂದಿಯೂ ಪಾರಾಗುತ್ತಾರೆ. ರಾವಸಾಹೇಬ ಮೈಕು ಕಸಿದುಕೊಳ್ಳಲು ಬಂದರೆ ಅಡ್ಡ ನಿಲ್ಲಲು ನಾನಿದ್ದೇನೆ. ಮೊಣಕಾಲು ಹೋಗಿದೆ, ಕೈ ಇನ್ನೂ ಗಟ್ಟಿ ಇದೆ.

ಬರುವುದಿಲ್ಲ ಎಂದಾದರೆ ಅದನ್ನಾದರೂ ಬರೆ. ನೀನು ಸುಮ್ಮನೆ ಇರುವುದನ್ನು ಸಹಿಸುವ ಶಕ್ತಿ ನನ್ನಲ್ಲಿ ಇನ್ನು ಇಲ್ಲ. ಮನೆಯಲ್ಲಿ ಎಲ್ಲರೂ ಇದ್ದಾರೆ, ಉಣ್ಣಲು ಕರೆಯುತ್ತಾರೆ, ಔಷಧ ಕೊಡುತ್ತಾರೆ. ಆದರೆ ಲಡಾಯಿ ಎಂದರೆ ಯಾವ ಲಡಾಯಿ ಎಂದು ಕೇಳುತ್ತಾರೆ. ಅದನ್ನು ಕೇಳದೆ ಹೂಂಗುಟ್ಟುವವಳು ಒಬ್ಬಳಿದ್ದಳು.

ನಿನ್ನ ಮನೆಯವರಿಗೆ ನನ್ನ ಜಯ ಜಿನೇಂದ್ರ, ಮಕ್ಕಳಿಗೆ ಆಶೀರ್ವಾದ. ಬಳ್ಳಿಗೆ ಔಷಧ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ನಿನ್ನ ಕೆಮ್ಮು ಹಳೆಯದು. ದೇವರು ನಿನಗೆ ಆಯುಷ್ಯವನ್ನೂ, ಅದರ ಜೊತೆ ಸ್ವಲ್ಪ ಸಡಿಲ ಬುದ್ಧಿಯನ್ನೂ ಕೊಡಲಿ.

ಯುವರ್ಸ್ ಎವರ್,
ಭೂಪಾಲ

ತಾ.ಕ.: ಕಾಗದ ಮಡಿಚಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಮೇಲೆ ಬರೆಯುವುದಿಲ್ಲ ಎಂದದ್ದನ್ನು ಬರೆಯುತ್ತೇನೆ.

ತಾರಾ ಹೋದ ದಿನ ಉತ್ತಮ ಮೋಟಾರ್‌ಸೈಕಲ್ ಮೇಲೆ ಕಾಗವಾಡಕ್ಕೆ ಬಂದು ನಿನಗೆ ಹೇಳಿದ. ‘ನೀ ಮುಂದ ನಡಿ, ನಾ ಹಿಂದ ಬರತೀನಿ’ ಎಂದೆಯಂತೆ. ನಾವು ಕಾದೆವು. ಬಸ್ಸು ಬಂದವು, ಹೋದವು. ನೀನು ಯಾಕೆ ಬರಲಿಲ್ಲ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಆದರೆ ಅವಳಿಗೆ ಸ್ನಾನ ಮಾಡಿಸಿದ ಮೇಲೆ ಪಕ್ಕದ ಮನೆಯ ಹೊಳೆವ್ವ ಹೊರಗೆ ಬಂದು ಎಲ್ಲರ ಎದುರಿಗೆ ನನ್ನನ್ನು ಕೇಳಿದಳು: ‘ಕಾಕಾರ, ತವರಮನಿ ಸೀರಿ ಬಂತೇನ್ರಿ? ಅದನ್ನ ಉಡಸದ ಹ್ಯಾಂಗ ಎತ್ತೂದ್ರಿ?’

ತುಂಬಿದ ಅಂಗಳ, ಬಾಹುಬಲಿ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬಸುರಿ ಸುಗಂಧಾಳ ಕುಬಸಕ್ಕೆಂದು ತಾರಾ ತಾನೇ ನಿಪ್ಪಾಣಿಗೆ ಹೋಗಿ ಆರಿಸಿ ತಂದ ಹಸಿರು ಸೀರೆ ಟ್ರಂಕಿನಲ್ಲಿತ್ತು. ಅದನ್ನು ತಂದು ಹೊಳೆವ್ವನ ಕೈಯಲ್ಲಿಟ್ಟೆ. ‘ಬಂದೈತಿ. ಬಾಹುಬಲಿ ಕಳಿಸ್ಯಾನ’ ಎಂದೆ.

‘ಅಣ್ಣ ಅಂದ್ರ ಹಿಂಗಿರಬೇಕ ನೋಡ್ರಿ. ಸಿಟ್ಟಿದ್ರೂ ತಂಗಿ ಸೀರಿ ಮರೀಲಿಲ್ಲ’ ಎಂದಳು ಹೊಳೆವ್ವ. ಆ ಮಾತನ್ನು ಊರು ಈಗಲೂ ಆಡುತ್ತದೆ. ಮನೆಯ ಗಂಡುಮಕ್ಕಳಿಗೆ ಬುದ್ಧಿ ಹೇಳುವಾಗ ನಿನ್ನ ಹೆಸರು ತೆಗೆಯುತ್ತಾರೆ. ಸುಗಂಧಾಳಿಗೂ ನಾನು ಖರೆ ಹೇಳಿಲ್ಲ. ಅವಳು ಆ ಸೀರೆಯ ಗುರುತು ಹಿಡಿದಳೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

ನಿನ್ನದಲ್ಲದ ಗೌರವ ನೀನು ಇಟ್ಟು‌ಕೊಳ್ಳುವವನಲ್ಲ. ಶಾಲೆಯ ಶಾಲನ್ನು ಬೇಡವೆಂದೆ, ಸರಿ. ಆದರೆ ಈ ಸೀರೆ ನಿನ್ನ ಹೆಸರಿನ ಮೇಲೆ ಒಂದೂವರೆ ವರ್ಷದಿಂದ ಇದೆ, ಅವಳ ಜೊತೆಯಲ್ಲೇ ಸುಟ್ಟೂ ಹೋಗಿದೆ. ಇದನ್ನು ಹೇಗೆ ತಿರುಗಿ ಕೊಡುತ್ತಿ, ಬಂದು ಹೇಳು.